ಸರ್ವರಲ್ಲಿ ಉಂಟು ಅಂದರೆ ನಿಮ್ಮಲ್ಲಿ ಇಲ್ಲ ಅಂತ

ಬೆಂಗಳೂರಿನ ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡಗಳಲ್ಲಿ ಕೂತು, ದಿನಾ ಬೆಳಿಗ್ಗೆ ಹತ್ತು ಗಂಟೆಯ ಕಾಲ್‌ನಲ್ಲಿ 'ಬ್ಯಾಕಪ್ ಎಲ್ಲಿದೆ? ರಿಸ್ಟೋರ್ ಟೆಸ್ಟ್ ಮಾಡಿದ್ರಾ? ಡಿಸಾಸ್ಟರ್ ರಿಕವರಿ ಡ್ರಿಲ್ ಯಾವಾಗ?' ಅಂತ ಜೂನಿಯರ್‌ಗಳ ಪ್ರಾಣ ತಿನ್ನುವ ಮಹನೀಯರಲ್ಲಿ ನನ್ನದೊಂದು ಪ್ರಶ್ನೆ. ನಿಮ್ಮ ಊರಿನ ಯುವಕ ಮಂಡಲದ ವೆಬ್‌ಸೈಟ್ ಮಾಡಿಕೊಟ್ಟದ್ದು ನೀವೇ ಅಲ್ಲವಾ? ಅದರ ಬ್ಯಾಕಪ್ ಎಲ್ಲುಂಟು?

ಯಾರದೋ ಬ್ಯಾಂಕಿನ, ಯಾವುದೋ ದೇಶದ ಇನ್ಶೂರೆನ್ಸ್ ಕಂಪನಿಯ ಡೇಟಾಕ್ಕೆ ಮೂರು ಖಂಡಗಳಲ್ಲಿ ಮೂರು ಪ್ರತಿ ಇಡಿಸುತ್ತೀರಿ. ನೀವು ಕಲಿತ ಶಾಲೆಯ ಅಮೃತಮಹೋತ್ಸವದ ಸೈಟಿಗೆ? ಅಜ್ಜನ ಮನೆ ಹತ್ತಿರದ ಭಜನಾ ಮಂಡಳಿಯದ್ದಕ್ಕೆ? ಊರ ಯಕ್ಷಗಾನ ಸಂಘದ್ದಕ್ಕೆ? 'ಅದಾ, ಅದು ಹೋಸ್ಟಿಂಗಲ್ಲಿ ಉಂಟಲ್ಲ' ಅನ್ನುತ್ತೀರಿ. ಇದೇ ಉತ್ತರವನ್ನು ನಿಮ್ಮ ಜೂನಿಯರ್ ಕೊಟ್ಟಿದ್ದರೆ ಅವನ ಅಪ್ರೈಸಲ್ ಏನಾಗುತ್ತಿತ್ತು?

ನಾನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ತ್ರಿಕೋನದೊಳಗೆ ಓಡಾಡುವವನು. ಇಲ್ಲಿ ವೆಬ್‌ಸೈಟಿಗೇನೂ ಬರಗಾಲ ಇಲ್ಲ ಮಾರಾಯ್ರೆ. ಬ್ರಹ್ಮಕಲಶೋತ್ಸವಕ್ಕೊಂದು, ಕಂಬಳ ಸಮಿತಿಗೊಂದು, ಕುಟುಂಬದ ತರವಾಡು ಮನೆಗೊಂದು, ನಿವೃತ್ತ ಮೇಷ್ಟ್ರ ಅಭಿನಂದನ ಸಮಿತಿಗೊಂದು. ವೇದಿಕೆ ಮೇಲೆ ಲ್ಯಾಪ್‌ಟಾಪ್ ಇಟ್ಟು, ಅತಿಥಿಗಳ ಕೈಯಿಂದ ಮೌಸ್ ಒತ್ತಿಸಿ, ಪರದೆಯ ಮೇಲೆ ಹೋಮ್‌ಪೇಜ್ ಮೂಡಿದಾಗ ಚಪ್ಪಾಳೆ ಹೊಡೆದು ಲೋಕಾರ್ಪಣೆ ಮಾಡಿಸುತ್ತೇವೆ. ಲೋಕಕ್ಕೆ ಅರ್ಪಣೆ ಆಯ್ತು, ಸರಿ. ಊರಿಗೆ ಒಂದು ಪ್ರತಿ ಇಟ್ಟುಕೊಂಡವರು ಯಾರು?

ಬೆಳ್ತಂಗಡಿ ತಾಲೂಕಿನ ಒಂದು ಊರಿನ ಕಥೆ ಕೇಳಿ. ಊರಿನ ಹೆಸರೂ ಬೇಡ, ಸಂಘದ ಹೆಸರೂ ಬೇಡ, ಹೋಸ್ಟಿಂಗ್ ಕಂಪನಿಯ ಹೆಸರಂತೂ ಬೇಡವೇ ಬೇಡ. ಅಲ್ಲಿನ ಯುವಕ ಮಂಡಲದವರು ಒಂದು ಕಾಲದಲ್ಲಿ ಕೈಬರಹದ ಪತ್ರಿಕೆ ಮಾಡುತ್ತಿದ್ದರು. ಶಾಲೆಯ ಡ್ರಾಯಿಂಗ್ ಮೇಷ್ಟ್ರು ಮುಖಪುಟ ಬರೆಯುತ್ತಿದ್ದದ್ದು, ಊರಿನವರು ಕಥೆ, ಪದ್ಯ, ಅಡಿಕೆ ಧಾರಣೆ, ಯಾರ ಮನೆಯಲ್ಲಿ ಯಾವ ಮೇಳದ ಆಟ ಎಂಬ ಸುದ್ದಿ ಎಲ್ಲ ಬರೆಯುತ್ತಿದ್ದದ್ದು. ಒಂದು ಸಂಚಿಕೆಗೆ ಒಂದೇ ಪ್ರತಿ, ಮನೆಯಿಂದ ಮನೆಗೆ ಸುತ್ತುತ್ತಿತ್ತು. ಆ ಸಂಚಿಕೆಗಳನ್ನು ಒಬ್ಬ ಹುಡುಗ ಸ್ಕ್ಯಾನ್ ಮಾಡಿ ಸಂಘದ ಸೈಟಿಗೆ ಹಾಕಿದ. ಒಳ್ಳೆಯ ಕೆಲಸ, ಯಾರಾದರೂ ಹೊಗಳಬೇಕಾದ ಕೆಲಸ. 'ಇನ್ನು ಇಂಟರ್ನೆಟ್ಟಲ್ಲಿ ಉಂಟಲ್ಲ' ಎಂಬ ಧೈರ್ಯದಲ್ಲಿ ಮೂಲಪ್ರತಿಗಳನ್ನು ಸಂಘದ ಕಟ್ಟಡದ ಕಪಾಟಿಗೆ ಸೇರಿಸಿದರು. ಎರಡು ಮಳೆಗಾಲದಲ್ಲಿ ಗೆದ್ದಲು ಅದರ ಲೆಕ್ಕ ಚುಕ್ತಾ ಮಾಡಿತು.

ಹುಡುಗ ಕೆಲಸ ಬದಲಿಸಿದ. ಹೋಸ್ಟಿಂಗ್ ಖಾತೆಗೆ ಕೊಟ್ಟಿದ್ದದ್ದು ಹಳೇ ಆಫೀಸಿನ ಇಮೇಲ್. ನವೀಕರಣದ ಜ್ಞಾಪನೆಗಳೆಲ್ಲ ಆ ಸತ್ತ ಇನ್‌ಬಾಕ್ಸಿಗೆ ಹೋಗಿ ಬಿದ್ದವು. ಸ್ಕ್ಯಾನ್ ಇದ್ದ ಲ್ಯಾಪ್‌ಟಾಪ್ ಕೂಡ ಕಂಪನಿಯದ್ದು, ರಾಜೀನಾಮೆ ಕೊಟ್ಟ ದಿನವೇ ವಾಪಸ್ ಹೋಗಿತ್ತು. ಸಂಘದ ಅಧ್ಯಕ್ಷರಿಗೆ ವಿಷಯ ಗೊತ್ತಾದದ್ದು ಮುಂಬಯಿಯಲ್ಲಿರುವ ಊರಿನವರೊಬ್ಬರು ಫೋನ್ ಮಾಡಿ 'ಎಂಥ ಮಾರಾಯ, ನಮ್ಮ ಸಂಘದ ಸೈಟಲ್ಲಿ ಇಸ್ಪೀಟು ಆಡಿಸ್ತಿದ್ದೀರಾ?' ಅಂತ ಕೇಳಿದಾಗ. ಅವಧಿ ಮುಗಿದ ಡೊಮೇನ್ ಹೆಸರನ್ನು ಯಾರೋ ಕೊಂಡು ಆನ್‌ಲೈನ್ ಜೂಜಿನ ಅಂಗಡಿ ತೆರೆದಿದ್ದರು. ಹೋಸ್ಟಿಂಗ್‌ನವರಿಗೆ ಫೋನ್ ಮಾಡಿದರೆ ಬಹಳ ಮರ್ಯಾದೆಯ ಉತ್ತರ ಬಂತು. ಸರ್, ನಿಯಮದ ಪ್ರಕಾರ ಇಂತಿಷ್ಟು ದಿನ ಕಾದು ಅಳಿಸಿದ್ದೇವೆ ಸರ್, ಬೇರೆ ಏನಾದರೂ ಸಹಾಯ ಬೇಕಿತ್ತಾ ಸರ್?

ಈಗ ಆ ಹುಡುಗನಿಗೆ ಬೈಯುವವರಿದ್ದಾರೆ. ನಾನು ಬೈಯುವುದಿಲ್ಲ. ಊರಿಗೋಸ್ಕರ ಸ್ಕ್ಯಾನರ್ ಮುಂದೆ ಭಾನುವಾರ ಕಳೆದವನು ಅವನೊಬ್ಬನೇ. ನನ್ನ ಸಿಟ್ಟಿರುವುದು 'ಅಲ್ಲಿ ಉಂಟಲ್ಲ' ಎಂಬ ಆ ಒಂದು ಮಾತಿನ ಮೇಲೆ. ಅದನ್ನು ಹಳ್ಳಿಯವರಿಗೆ ಕಲಿಸಿದ್ದು ನಾವು, ಪೇಟೆಯಲ್ಲಿ ಕೂತ ಕಂಪ್ಯೂಟರ್ ಜನ. ಕ್ಲೌಡ್ ಅಂದೆವು. ಎಲ್ಲೋ ಮೇಲೆ, ಆಕಾಶದಲ್ಲಿ, ಯಾರೂ ಮುಟ್ಟಲಾಗದ ಜಾಗದಲ್ಲಿ ಭದ್ರವಾಗಿದೆ ಎಂಬ ಚಿತ್ರ ಕೊಟ್ಟೆವು. ವರ್ಷಕ್ಕೆ ನಾಲ್ಕು ತಿಂಗಳು ಮಳೆ ಹೊಯ್ಯುವ ನಮ್ಮ ಊರಿನವರಾದರೂ ಯೋಚನೆ ಮಾಡಬಹುದಿತ್ತು, ಮೋಡದಲ್ಲಿಟ್ಟದ್ದು ಏನಾಗುತ್ತದೆ ಅಂತ.

ಹೋಸ್ಟಿಂಗ್ ಅಂದರೆ ಬಾಡಿಗೆ ಮನೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಮನೆ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಓನರ್ ಎಷ್ಟೇ ಒಳ್ಳೆಯವನಿದ್ದರೂ ಅಮ್ಮನ ಕರಿಮಣಿ ಸರವನ್ನು ಅವನ ಬೀರುವಿನಲ್ಲಿ ಇಟ್ಟು ಬರುವುದಿಲ್ಲ ನೀವು. ಹೋಸ್ಟಿಂಗ್ ತೆಗೆದುಕೊಳ್ಳುವಾಗ ಓದದೆ ಒಪ್ಪಿಗೆ ಒತ್ತಿದ ಆ ಉದ್ದದ ಕರಾರನ್ನು ಒಮ್ಮೆ ತೆರೆದು ನೋಡಿ. ಹೆಚ್ಚಿನವುಗಳಲ್ಲಿ ಒಂದು ಸಾಲು ಇದ್ದೇ ಇರುತ್ತದೆ, ಬ್ಯಾಕಪ್ ಇಟ್ಟುಕೊಳ್ಳುವ ಹೊಣೆ ಗ್ರಾಹಕನದ್ದು ಅಂತ. ಜಾಹೀರಾತಿನಲ್ಲಿ ಮಾತ್ರ 'ದಿನನಿತ್ಯ ಉಚಿತ ಬ್ಯಾಕಪ್' ಎಂದು ದಪ್ಪಕ್ಷರದಲ್ಲಿ.

ಆ ದಿನನಿತ್ಯದ ಬ್ಯಾಕಪ್ ಎಲ್ಲಿರುತ್ತದೆ ಗೊತ್ತಾ? 2021ರ ಮಾರ್ಚ್ 10ರ ಬೆಳಗಿನ ಜಾವ ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್‌ನಲ್ಲಿ ಓವಿಎಚ್ ಎಂಬ ದೊಡ್ಡ ಹೋಸ್ಟಿಂಗ್ ಕಂಪನಿಯ ಒಂದು ಡೇಟಾ ಸೆಂಟರ್ ಕಟ್ಟಡವೇ ಸುಟ್ಟು ಹೋಯಿತು. ಲಕ್ಷಗಟ್ಟಲೆ ಸೈಟುಗಳು ಒಮ್ಮೆಲೇ ಮಾಯ. ಕೆಲವು ಗ್ರಾಹಕರು ಜಾಣರು, ಕಾಸು ಕೊಟ್ಟು ಬ್ಯಾಕಪ್ ಸೇವೆಯನ್ನೂ ತೆಗೆದುಕೊಂಡಿದ್ದರು. ಆ ಬ್ಯಾಕಪ್ ಇದ್ದದ್ದೂ ಅದೇ ಕಟ್ಟಡದಲ್ಲಿ! ಮೂಲದ ಜತೆ ನಕಲೂ ಸಹಗಮನ ಮಾಡಿತು. 2023ರಲ್ಲಿ ಅಲ್ಲಿನ ನ್ಯಾಯಾಲಯ ಅಂಥ ಒಬ್ಬ ಗ್ರಾಹಕನಿಗೆ ಒಂದು ಲಕ್ಷ ಯೂರೋಗೂ ಹೆಚ್ಚು ಪರಿಹಾರ ಕೊಡಿಸಿತು. ದುಡ್ಡು ಬಂತು, ಫೈಲು ಬರಲಿಲ್ಲ. ನಮ್ಮ ಭಜನಾ ಮಂಡಳಿ ಯಾವ ನ್ಯಾಯಾಲಯಕ್ಕೆ ಹೋಗುತ್ತದೆ ಹೇಳಿ.

ಬ್ಲಾಗು ಬರೆಯುವವರಿಗೆ ಇನ್ನೂ ಹತ್ತಿರದ ಉದಾಹರಣೆ ಬೇಕಿದ್ದರೆ ಜರ್ನಲ್‌ಸ್ಪೇಸ್ ಇದೆ. ಅಮೆರಿಕದ ಬ್ಲಾಗ್ ತಾಣ, ವರ್ಷಗಟ್ಟಲೆ ನಡೆದದ್ದು. ಅವರಲ್ಲಿ ಎರಡು ಡಿಸ್ಕ್ ಇತ್ತು, ಒಂದರಲ್ಲಿ ಬರೆದದ್ದು ಕೂಡಲೇ ಇನ್ನೊಂದರಲ್ಲೂ ಅಚ್ಚಾಗುವ ವ್ಯವಸ್ಥೆ. ಅದನ್ನೇ ಬ್ಯಾಕಪ್ ಎಂದು ನಂಬಿದ್ದರು. ಒಂದು ದಿನ ಮೊದಲ ಡಿಸ್ಕಿನ ಮಾಹಿತಿ ಅಳಿಸಿಹೋಯಿತು, ಎರಡನೆಯದು ಅಷ್ಟೇ ವಿಧೇಯವಾಗಿ ತಾನೂ ಅಳಿಸಿಕೊಂಡಿತು. 2009ರ ಜನವರಿ ಹೊತ್ತಿಗೆ ಅಂಗಡಿ ಬಂದ್. ಡ್ರಾಪ್‌ಬಾಕ್ಸ್, ಗೂಗಲ್ ಡ್ರೈವ್ ಸಿಂಕ್ ಮಾಡಿಟ್ಟು 'ನನ್ನದು ಬ್ಯಾಕಪ್ ಆಗಿದೆ' ಅನ್ನುವವರು ಇದನ್ನು ಎರಡು ಸಲ ಓದಿಕೊಳ್ಳಿ. ಸಿಂಕ್ ಅಂದರೆ ಕನ್ನಡಿ. ನೀವು ಮೂಗು ಕೊಯ್ದುಕೊಂಡರೆ ಕನ್ನಡಿಯಲ್ಲೂ ಮೂಗಿರುವುದಿಲ್ಲ.

ದೊಡ್ಡ ಕಂಪನಿ ಅಂತ ನೆಚ್ಚಿಕೊಳ್ಳೋಣವೇ? ಯಾಹೂನ ಜಿಯೋಸಿಟೀಸ್ 2009ರ ಅಕ್ಟೋಬರಿನಲ್ಲಿ ಮುಚ್ಚಿತು. ನಮ್ಮ ಕಾಲೇಜು ದಿನಗಳ ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಹೋಯಿತು, ಅದರ ಜತೆ ಎಷ್ಟು ಕನ್ನಡ ಬಳಗಗಳ ಜಗಳ, ಹರಟೆ, ಪದ್ಯ ಹೋಯಿತೋ. ಗೂಗಲ್ ಪ್ಲಸ್ 2019ರ ಏಪ್ರಿಲಿನಲ್ಲಿ ಮುಗಿಯಿತು. ಮೈಸ್ಪೇಸ್‌ನವರಂತೂ ಸರ್ವರ್ ಬದಲಾಯಿಸುವಾಗ ಹನ್ನೆರಡು ವರ್ಷದ ಹಾಡುಗಳೆಲ್ಲ ಕಳೆದುಹೋದವು, ಕ್ಷಮಿಸಿ ಅಂದುಬಿಟ್ಟರು. ಮತ್ತೆ 2023ರ ಡಿಸೆಂಬರಿನಿಂದ ಗೂಗಲ್ ಎರಡು ವರ್ಷ ಯಾರೂ ಮುಟ್ಟದ ವೈಯಕ್ತಿಕ ಖಾತೆಗಳನ್ನು ಅಳಿಸಲು ಶುರುಮಾಡಿದೆ. ಇದರ ಅರ್ಥ ಬಿಡಿಸಿ ನೋಡಿ. ನಿಮ್ಮ ಮಾವ ತೀರಿಕೊಂಡರು. ಅವರ ಜಿಮೇಲ್, ಡ್ರೈವಿನಲ್ಲಿದ್ದ ತುಳು ಗಾದೆಗಳ ಪಟ್ಟಿ, ಫೋಟೋಗಳು ಎಲ್ಲದರ ಮೇಲೆ ಎರಡು ವರ್ಷದ ಗಡಿಯಾರ ಓಡುತ್ತಿದೆ. ಮೊದಲ ವರ್ಷಾಂತಿಕ ಬರುವ ಹೊತ್ತಿಗೆ ಅರ್ಧ ಮುಗಿದಿರುತ್ತದೆ.

ಇಷ್ಟೆಲ್ಲ ಹೇಳಿದರೆ 'ಅದೆಲ್ಲ ಫಾರಿನ್ ಕಥೆ' ಅನ್ನುವವರಿದ್ದಾರೆ. ಹಾಗಾದರೆ ಮೂಡುಬಿದಿರೆಗೆ ಬನ್ನಿ. ಸಾವಿರ ಕಂಬದ ಬಸದಿಯ ಮುಂದೆ ಸೆಲ್ಫಿ ತೆಗೆದು, ಆಳ್ವಾಸ್ ವಿರಾಸತ್ ನೋಡಿ ಬೆಂಗಳೂರಿಗೆ ಬಸ್ ಹಿಡಿಯುವ ನಾವು ಹೆಚ್ಚಿನವರು ಒಳಗೆ ಹೋಗದ ಜಾಗ ಗುರು ಬಸದಿ. ಸಿದ್ಧಾಂತ ಬಸದಿ ಅಂತಲೂ ಹೆಸರುಂಟು. ಧವಲ, ಜಯಧವಲ, ಮಹಾಧವಲ ಎಂಬ ದಿಗಂಬರ ಜೈನರ ಸಿದ್ಧಾಂತ ಗ್ರಂಥಗಳ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಇದ್ದದ್ದು ಇಲ್ಲಿ. ಭಾಷೆ ಪ್ರಾಕೃತ, ಸಂಸ್ಕೃತ. ಲಿಪಿ ಹಳಗನ್ನಡ. ಧವಲ ಒಂದೇ 72,000 ಶ್ಲೋಕ ಪ್ರಮಾಣದ್ದು. ವೀರಸೇನಾಚಾರ್ಯರು ಒಂಬತ್ತನೇ ಶತಮಾನದಲ್ಲಿ ಬರೆದ ಈ ವ್ಯಾಖ್ಯಾನ ಇಡೀ ಭಾರತದಲ್ಲಿ ಉಳಿದದ್ದು ನಮ್ಮ ಈ ಸಣ್ಣ ಪೇಟೆಯ ಒಂದು ಬಸದಿಯಲ್ಲಿ ಮಾತ್ರ. ಬೇರೆ ಕಡೆ ಇದ್ದವೆಲ್ಲ ನಾಶ. ಅಂದರೆ ಒಂದೇ ಸರ್ವರ್, ಬೇರೆಲ್ಲೂ ಪ್ರತಿ ಇಲ್ಲ.

ಕಾದುಕೊಂಡವರಿಗೆ ದೊಡ್ಡ ನಮಸ್ಕಾರ. ಅದರಲ್ಲಿ ಎರಡು ಮಾತಿಲ್ಲ. ಆದರೆ ಹೇಗೆ ಕಾದರು? ದರ್ಶನಕ್ಕೆ ಇಟ್ಟರು. ದೂರದಿಂದ ಬಂದ ಯಾತ್ರಿಕರು ಗರಿಗಳನ್ನು ಕಂಡು ಕೈಮುಗಿದು ಹೋಗುತ್ತಿದ್ದರು. ಓದುವವರು ಕಡಿಮೆಯಾದರು, ನಕಲು ಮಾಡುವವರು ಇಲ್ಲವಾದರು. ಹತ್ತೊಂಬತ್ತನೇ ಶತಮಾನದ ಕೊನೆಗೆ ಸೊಲ್ಲಾಪುರ, ಮುಂಬಯಿ ಕಡೆಯ ಶ್ರಾವಕರು ಬಂದು ನೋಡಿದಾಗ ಗರಿಗಳು ಜೀರ್ಣವಾಗುತ್ತಿದ್ದವು. ಮಹಾಧವಲದಲ್ಲಿ ಕೆಲವು ಗರಿಗಳು ಹೋಗಿಯೇ ಬಿಟ್ಟಿವೆ, ಅವು ಇನ್ನು ಯಾವ ಕಾಲಕ್ಕೂ ಸಿಗಲಾರವು. ನಕಲು ಮಾಡಿಸಬೇಕೆಂದು ತೀರ್ಮಾನವಾಗಿ 1896ರ ಸುಮಾರಿಗೆ ಕೆಲಸ ಶುರುವಾಯಿತು. ಹಳಗನ್ನಡದ ಗರಿಯಿಂದ ಹೊಸಗನ್ನಡ ಲಿಪಿಗೆ, ನಾಗರಿಗೆ. ಮುಗಿಯುವಾಗ 1922. ಇಪ್ಪತ್ತಾರು ವರ್ಷ! ನಮಗೆ ಇಪ್ಪತ್ತಾರು ನಿಮಿಷದ ಡೌನ್‌ಲೋಡಿಗೆ ಪುರುಸೊತ್ತಿಲ್ಲ.

ಅಲ್ಲೂ ಒಂದು ಷರತ್ತಿತ್ತು. ಮಾಡಿದ ನಕಲು ಮೂಡುಬಿದಿರೆಯಿಂದ ಹೊರಗೆ ಹೋಗಕೂಡದು. ಮೂಲ ಇದ್ದಲ್ಲೇ ನಕಲೂ ಇರಬೇಕು. ಸ್ಟ್ರಾಸ್‌ಬೂರ್ಗಿನ ಕಥೆ ನೆನಪಾಯಿತಾ?

ಈ ಷರತ್ತನ್ನು ಮುರಿದವರು ನಕಲು ಕೆಲಸಕ್ಕೆ ನೇಮಕವಾಗಿದ್ದ ಗಜಪತಿ ಶಾಸ್ತ್ರಿಗಳು. ಹಗಲು ಮಠಕ್ಕಾಗಿ ನಕಲು, ಗುಟ್ಟಾಗಿ ಇನ್ನೊಂದು ಪ್ರತಿ ಕನ್ನಡ ಲಿಪಿಯಲ್ಲಿ. ಈ ಗುಟ್ಟಿನ ಕೆಲಸಕ್ಕೆ ಹೆಗಲು ಕೊಟ್ಟದ್ದು ಅವರ ಹೆಂಡತಿ ಲಕ್ಷ್ಮೀಬಾಯಿ. ನನಗಂತೂ ಇಡೀ ಕಥೆಯಲ್ಲಿ ಬಹಳ ಇಷ್ಟದ ವ್ಯಕ್ತಿ ಆಕೆ, ಯಾಕೆ ಒಂದು ನಾಟಕ ಕೂಡ ಆಕೆಯ ಮೇಲೆ ಬಂದಂತಿಲ್ಲವೋ. ಆ ಪ್ರತಿ ಉತ್ತರದ ಸಹಾರನ್‌ಪುರಕ್ಕೆ ಹೋಗಿ ಒಬ್ಬ ಶ್ರೀಮಂತ ಶ್ರಾವಕರ ಕೈ ಸೇರಿತು. ಅಲ್ಲಿ ಅದನ್ನು ನಾಗರಿಗೆ ಇಳಿಸಲು ಕೂತ ಸೀತಾರಾಮ ಶಾಸ್ತ್ರಿಗಳು ತಾವೂ ಒಂದು ಪ್ರತಿ ಮಾಡಿ ಇಟ್ಟುಕೊಂಡರು! ಅದರಿಂದ ಇನ್ನಷ್ಟು ಪ್ರತಿಗಳು ಬೇರೆ ಬೇರೆ ಊರುಗಳಿಗೆ ಹಬ್ಬಿದವು. ಪ್ರೊ. ಹೀರಾಲಾಲ್ ಜೈನ್ ಅವರು 1939ರಲ್ಲಿ ಅಮರಾವತಿಯಿಂದ ಧವಲದ ಮೊದಲ ಸಂಪುಟವನ್ನು ಅಚ್ಚು ಹಾಕಿಸುವಾಗ ಅವರ ಕೈಯಲ್ಲಿದ್ದದ್ದು ಇಂಥ ನಕಲಿನ ನಕಲುಗಳು. ಒಟ್ಟು 16 ಸಂಪುಟ ಬಂದವು. ಮುಂದೆ ಮೂಡುಬಿದಿರೆಯವರೂ ಮನಸ್ಸು ಬಿಚ್ಚಿ ಮೂಲಗರಿಗಳ ಜತೆ ಪಾಠ ತಾಳೆ ನೋಡಲು ನೆರವಾದರು. ಆಚಾರ್ಯ ಶಾಂತಿಸಾಗರರ ಪ್ರೇರಣೆಯಿಂದ ಈ ಗ್ರಂಥಗಳನ್ನು ತಾಮ್ರಪಟಗಳ ಮೇಲೂ ಕೊರೆಸಿ ಇಡಲಾಯಿತು. ಗರಿ, ಕಾಗದ, ಅಚ್ಚು, ತಾಮ್ರ. ಊರು ನಾಲ್ಕಾರು. ನಮ್ಮ ಐಟಿಯವರು 3-2-1 ಅಂತ ಹೇಳಿಕೊಡುವ ನಿಯಮ ಉಂಟಲ್ಲ, ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಲ್ಲಿ ಅಂತ, ಅದನ್ನು ಈ ಜನ ಪವರ್‌ಪಾಯಿಂಟ್ ಇಲ್ಲದೆ ಮಾಡಿ ಮುಗಿಸಿದ್ದರು.

ಶಾಸ್ತ್ರಿಗಳು ಮಾಡಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಬೇಕಾದವರು ಮಾಡಿಕೊಳ್ಳಲಿ. ಕೊಟ್ಟ ಮಾತು ಮುರಿದದ್ದು ತಪ್ಪೇ. ಆದರೆ ನಕಲು ಮಾಡುವುದಕ್ಕೆ ಗುಟ್ಟು ಬೇಕಾಗುವಂಥ ವ್ಯವಸ್ಥೆಯನ್ನು ಇಟ್ಟುಕೊಂಡದ್ದು ಅದಕ್ಕಿಂತ ದೊಡ್ಡ ತಪ್ಪು. ಇವತ್ತು ನಮ್ಮ ಸಮಿತಿಗಳಲ್ಲಿ ಅದೇ ನಡೆಯುತ್ತಿದೆ ಅಂತ ನನ್ನ ವಾದ. ಸೈಟಿನ ಪಾಸ್‌ವರ್ಡ್ ಒಬ್ಬನ ತಲೆಯಲ್ಲಿ, ಡೊಮೇನ್ ಇನ್ನೊಬ್ಬನ ಹೆಸರಲ್ಲಿ, ಫೈಲುಗಳು ಮೂರನೆಯವನ ಲ್ಯಾಪ್‌ಟಾಪಲ್ಲಿ. ನಾಲ್ಕನೆಯವನು ಹೋಗಿ 'ಒಂದು ಕಾಪಿ ಕೊಡಿ' ಅಂದರೆ 'ಯಾಕೆ? ಎಂಥಕ್ಕೆ? ಸಭೆಯಲ್ಲಿ ಇಡಬೇಕು' ಅಂತ ಸಂಶಯದಲ್ಲಿ ನೋಡುತ್ತಾರೆ.

ಸೈಟು ಸತ್ತರೂ ಪ್ರತಿ ಇದ್ದದ್ದರಿಂದ ಬದುಕಿದ ಉದಾಹರಣೆ ಬೇಕಿದ್ದರೆ ಅದೂ ಕನ್ನಡದಲ್ಲೇ ಉಂಟು. ಭಾರತೀಯ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಂಬ ಯೋಜನೆ ಲಕ್ಷಗಟ್ಟಲೆ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಜಾಲಕ್ಕೆ ಹಾಕಿತ್ತು, ಅದರಲ್ಲಿ ಎಲ್ಲೂ ಸಿಗದ ಹಳೆಯ ಕನ್ನಡ ಪುಸ್ತಕಗಳು ರಾಶಿ ಇದ್ದವು. ಕೆಲವು ವರ್ಷಗಳ ಹಿಂದೆ ಆ ಸೈಟುಗಳು ಕಣ್ಣುಮುಚ್ಚಿದವು. ಆದರೆ ಅಷ್ಟರಲ್ಲಿ ಕಾರ್ಲ್ ಮಲಮುದ್ ಎಂಬ ಅಮೆರಿಕದ ಹಠವಾದಿ ಅದರ ಪ್ರತಿಯನ್ನು ಇಂಟರ್ನೆಟ್ ಆರ್ಕೈವಿಗೆ ಏರಿಸಿದ್ದರು. ನೀವು ಇವತ್ತು ಅಲ್ಲಿಂದ ಹಳೇ ಕನ್ನಡ ಪುಸ್ತಕ ಇಳಿಸಿಕೊಳ್ಳುವಾಗ ವಿಳಾಸದಲ್ಲಿ 'ಡಿಎಲ್‌ಐ 2015' ಅಂತ ಕಾಣುತ್ತದಲ್ಲ, ಅದು ಸತ್ತ ಸೈಟಿನ ಗುರುತು. ನಮ್ಮ ಪುಸ್ತಕ, ನಮ್ಮ ತೆರಿಗೆ ಹಣದ ಸ್ಕ್ಯಾನಿಂಗ್. ಉಳಿಸಿಕೊಟ್ಟದ್ದು ಮಾತ್ರ ಬೇರೆಯವರು.

'ಹಾಗಾದರೆ ಇಂಟರ್ನೆಟ್ ಆರ್ಕೈವ್ ಇದೆಯಲ್ಲ, ವೇಬ್ಯಾಕ್ ಮಷೀನಿನಲ್ಲಿ ಹಳೇ ಪುಟ ಎಲ್ಲ ಸಿಗುತ್ತದೆ' ಎಂಬ ವಾದ ಈಗ ಬರಬೇಕು, ಬರಲಿ. ಪುಣ್ಯಾತ್ಮರ ಸಂಸ್ಥೆ ಅದು. ಆದರೆ ಅದರ ಯಂತ್ರ ನಿಮ್ಮ ಸೈಟಿಗೆ ಯಾವಾಗ ಬರುತ್ತದೆ, ಎಷ್ಟು ಪುಟ ಒಯ್ಯುತ್ತದೆ ಎಂಬುದು ಅದರ ಇಷ್ಟ. ಮುಖಪುಟ ಇರುತ್ತದೆ, ಒಳಗಿನ ಫೋಟೋ ಒತ್ತಿದರೆ ಖಾಲಿ ಚೌಕ. ಡೇಟಾಬೇಸ್ ಅಂತೂ ಅದಕ್ಕೆ ಕಾಣುವುದೇ ಇಲ್ಲ. ಮತ್ತೆ 2024ರ ಅಕ್ಟೋಬರಿನಲ್ಲಿ ಆ ಸಂಸ್ಥೆಯ ಮೇಲೆಯೇ ದಾಳಿಯಾಗಿ ಕೆಲವು ದಿನ ಪೂರ್ತಿ ಬಾಗಿಲು ಹಾಕಿತ್ತು. ನೆರೆಮನೆಯವರ ಬಾವಿ ಸಿಹಿ ಅಂತ ನಮ್ಮ ಬಾವಿ ತೋಡದೆ ಕೂರುವುದಾ?

ಹಾಗಂತ ಊರಲ್ಲಿ ಒಂದು ಹಾರ್ಡ್ ಡಿಸ್ಕ್ ಇಟ್ಟರೆ ಮುಗಿಯಿತು ಅಂತಲೂ ತಿಳಿಯಬೇಡಿ. ಬಂಟ್ವಾಳದವರು ಇದನ್ನು ಚೆನ್ನಾಗಿ ಬಲ್ಲರು. ನೇತ್ರಾವತಿಗೆ ಅಲ್ಲಿ ಅಪಾಯದ ಮಟ್ಟ 8.5 ಮೀಟರ್. ಜುಲೈ, ಆಗಸ್ಟಿನಲ್ಲಿ ಪೇಟೆಯವರು ಹವಾಮಾನ ಕೇಳುವುದಿಲ್ಲ, 'ಈಗ ಎಷ್ಟಾಯ್ತು?' ಅಂತ ಮೀಟರ್ ಕೇಳುತ್ತಾರೆ. 1923ರ ನೆರೆ, 1974ರ ನೆರೆ ಅಂತ ಹಿರಿಯರು ಲೆಕ್ಕ ಹಾಕುವ ಊರು ಅದು, ಗೋಡೆಯ ಮೇಲೆ ಇಲ್ಲಿವರೆಗೆ ಬಂದಿತ್ತು ಅಂತ ಕೈಯಿಟ್ಟು ತೋರಿಸುವ ಊರು. 2019ರ ಆಗಸ್ಟಿನಲ್ಲಿ ಹೊಸ ತಲೆಮಾರಿಗೂ ಪಾಠ ಆಯಿತು. ಅದೇ ವಾರ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ ಬದಿಯಲ್ಲಿ ಗುಡ್ಡ ಜರಿದು, ತೋಟ, ಸೇತುವೆ, ರಸ್ತೆ ಎಲ್ಲ ಕೊಚ್ಚಿಹೋಯಿತು. ಅಂಥ ಹೊತ್ತಿನಲ್ಲಿ ಸಮಿತಿಯ ಕಚೇರಿಯ ಕೆಳಗಿನ ಡ್ರಾಯರಿನ ಹಾರ್ಡ್ ಡಿಸ್ಕ್ ಎಂಥ ಮಾಡುತ್ತದೆ? ನದಿ ಬದಿಯ ಹಳೇ ಮನೆಗಳಲ್ಲಿ ನೀರು ಏರುವ ಮೊದಲು ಕಾಗದಪತ್ರ, ಅಕ್ಕಿಮುಡಿ ಅಟ್ಟಕ್ಕೆ ಏರುತ್ತಿತ್ತು, ಮಕ್ಕಳು ಮರಿ ಎತ್ತರದ ನೆಂಟರ ಮನೆಗೆ ಹೋಗುತ್ತಿದ್ದರು. ಬುದ್ಧಿ ಅದೇ. ಒಂದು ಪ್ರತಿ ಊರಲ್ಲಿ, ಒಂದು ಬೆಂಗಳೂರಿನ ನಿಮ್ಮ ಕಪಾಟಿನಲ್ಲಿ, ಜತೆಗೆ ಸೈಟಿನಲ್ಲಿ ಇರುವುದು ಹೇಗೂ ಇದ್ದೇ ಇದೆ. ಬಂಟ್ವಾಳ ಮುಳುಗಿದ ದಿನ ಬೆಂಗಳೂರು ಮುಳುಗದೆ ಇದ್ದರೆ ಸಾಕು. ಬೆಳ್ಳಂದೂರಿನಲ್ಲಿ ಮನೆ ಇರುವವರು ಎರಡನೇ ಮಹಡಿಯಲ್ಲಿಡಿ.

ಬಂಟ್ವಾಳದ ವಿಷಯ ಬಂದದ್ದರಿಂದ ಒಂದು ಮಾತು. ಬಿ.ಸಿ. ರೋಡಿನ ಸಂಚಯಗಿರಿಯಲ್ಲಿ ಪ್ರೊ. ತುಕಾರಾಂ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರವನ್ನು ನೋಡದವರು ಈ ಸಲ ನೋಡಿ ಬನ್ನಿ. ತುಳುನಾಡಿನ ಮನೆಗಳಲ್ಲಿ ದಿನಬಳಕೆಯಲ್ಲಿದ್ದ ವಸ್ತುಗಳನ್ನು ಒಂದೊಂದಾಗಿ ಕೂಡಿಹಾಕಿ ಮ್ಯೂಸಿಯಂ ಮಾಡಿದ್ದಾರೆ, ಪುಸ್ತಕ ಭಂಡಾರವೂ ಉಂಟು. ಬೆಳ್ತಂಗಡಿ ತಾಲೂಕಿಗೆ ಹೋದರೆ ಧರ್ಮಸ್ಥಳದ ಮಂಜೂಷಾ ಉಂಟು. ಸೇರು, ಕಳಸೆ, ದೀಪಕ್ಕೆಲ್ಲ ಹೀಗೆ ಜಾಗ ಸಿಕ್ಕಿತು. ಕಳೆದ ಇಪ್ಪತ್ತು ವರ್ಷದಲ್ಲಿ ನಮ್ಮ ಊರುಗಳು ಬರೆದದ್ದು, ಹಾಡಿದ್ದು, ತೆಗೆದದ್ದು ಎಲ್ಲ ಇರುವುದು ಫೈಲುಗಳಲ್ಲಿ. ಈ ಫೈಲುಗಳಿಗೆ ಅಂಥ ಅಟ್ಟ ಯಾವುದು? ಹಳೇ ಕಂಚಿನ ಪಾತ್ರೆಯನ್ನು ಗುಜರಿಯವನ ಅಂಗಡಿಗೆ ಹೋಗಿಯಾದರೂ ಬಿಡಿಸಿಕೊಂಡು ಬರಬಹುದು. ಅಳಿಸಿದ ಡೇಟಾಬೇಸಿಗೆ ಗುಜರಿ ಅಂಗಡಿ ಕೂಡ ಇಲ್ಲ.

ಮಾಡಬೇಕಾದ್ದು ಏನು ಅಂತ ಕೇಳುತ್ತೀರಾದರೆ, ನಿಮಗೆ ಹೇಳಿಕೊಡುವಷ್ಟು ದೊಡ್ಡವನಲ್ಲ ನಾನು, ಆದರೂ ಎಡವುವ ಜಾಗ ತೋರಿಸುತ್ತೇನೆ. ವರ್ಡ್‌ಪ್ರೆಸ್‌ನಲ್ಲಿ 'ಎಕ್ಸ್‌ಪೋರ್ಟ್' ಒತ್ತಿ, ಒಂದು ಎಕ್ಸ್‌ಎಂಎಲ್ ಫೈಲ್ ಇಳಿಸಿಕೊಂಡು ಕೈತೊಳೆದುಕೊಳ್ಳುವವರು ಬಹಳ. ಅದರಲ್ಲಿ ಬರಹ, ಕಾಮೆಂಟು ಇರುತ್ತದೆ. ಫೋಟೋ ಇರುವುದಿಲ್ಲ, ಫೋಟೋದ ವಿಳಾಸ ಮಾತ್ರ ಇರುತ್ತದೆ. ಸೈಟು ಸತ್ತ ಮೇಲೆ ಆ ವಿಳಾಸ ಇಟ್ಟುಕೊಂಡು ಏನು ಮಾಡುತ್ತೀರಿ, ಶ್ರಾದ್ಧವಾ? ಬ್ಲಾಗರ್‌ನ ಬ್ಯಾಕಪ್ ಫೈಲಿನದ್ದೂ ಇದೇ ಪಾಡು. ಸ್ವಂತ ಹೋಸ್ಟಿಂಗ್ ಇದ್ದರೆ ಪಬ್ಲಿಕ್ ಎಚ್‌ಟಿಎಂಎಲ್ ಫೋಲ್ಡರು ಇಡಿಯಾಗಿ ಬೇಕು, ಅದರ ಜತೆ ಡೇಟಾಬೇಸಿನ ಪ್ರತಿ ಬೇರೆಯೇ ತೆಗೆಯಬೇಕು, ಒಂದಿದ್ದು ಇನ್ನೊಂದಿಲ್ಲದಿದ್ದರೆ ದೋಣಿ ಉಂಟು ಹುಟ್ಟಿಲ್ಲ. ವಿಕ್ಸ್‌ನಂಥ ಎಳೆದು ಕೂರಿಸಿ ಸೈಟು ಕಟ್ಟುವ ಸೇವೆಗಳಲ್ಲಿ ಸೈಟನ್ನು ಹೊರಗೆ ಒಯ್ಯುವ ದಾರಿಯೇ ಇಲ್ಲ. ಅಲ್ಲಿಗೆ ಏರಿಸುವ ಮೊದಲು ಬರಹ, ಚಿತ್ರಗಳ ಮೂಲವನ್ನು ಒಂದು ಫೋಲ್ಡರಿನಲ್ಲಿ ಇಟ್ಟುಕೊಳ್ಳುವುದೊಂದೇ ಉಪಾಯ.

ಕನ್ನಡದವರಿಗೆ ಇನ್ನೊಂದು ಗಂಡಾಂತರ ಜಾಸ್ತಿ. ಹಳೇ ಸ್ಮರಣ ಸಂಚಿಕೆಗಳ ಫೈಲು ಪೇಜ್‌ಮೇಕರಿನಲ್ಲಿ, ಅಕ್ಷರ ನುಡಿಯದ್ದೋ ಶ್ರೀಲಿಪಿಯದ್ದೋ ಫಾಂಟಿನಲ್ಲಿ. ಇವತ್ತಿನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಭೂತ ಬಂದವರ ನುಡಿಯ ಹಾಗೆ ಕಾಣುತ್ತದೆ. ಫೈಲು ಉಳಿದರೂ ಓದಲು ಬಾರದಿದ್ದರೆ ಅದು ಹಳಗನ್ನಡದ ಗರಿಯ ಸ್ಥಿತಿಯೇ, ದರ್ಶನಕ್ಕೆ ಮಾತ್ರ. ಯೂನಿಕೋಡಿಗೆ ಪರಿವರ್ತಿಸಿದ ಸಾದಾ ಪಠ್ಯದ ಒಂದು ಪ್ರತಿ ಮತ್ತು ಒಂದು ಪಿಡಿಎಫ್ ಜತೆಗಿಡಿ. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ.

ಹಾಗೂ ಇಳಿಸಿಕೊಂಡ ಮೇಲೆ ಒಮ್ಮೆ ತೆರೆದು ನೋಡಿ ಸ್ವಾಮಿ. ಜಿಪ್ ಬಿಚ್ಚುತ್ತದಾ, ಡೇಟಾಬೇಸ್ ಫೈಲಿನಲ್ಲಿ ಕನ್ನಡ ಕನ್ನಡವಾಗಿಯೇ ಉಂಟಾ ಅಥವಾ ಬರೀ ಪ್ರಶ್ನಾರ್ಥಕ ಚಿಹ್ನೆಯಾ ಅಂತ. ಆಫೀಸಿನಲ್ಲಿ ರಿಸ್ಟೋರ್ ಟೆಸ್ಟ್ ಎಂಬ ಹೆಸರಿನಲ್ಲಿ ನೀವು ಬೇರೆಯವರಿಂದ ಮಾಡಿಸುವುದು ಇದನ್ನೇ. ಊರಿನ ಸಂಘದ ಇಡೀ ಸೈಟು ಎರಡು ಮೂರು ಜಿಬಿ ಮೀರುವುದು ಅಪರೂಪ. ನಿಮ್ಮ ಫೋನಿನಲ್ಲಿ ಮದುವೆ ವಾಟ್ಸಾಪ್ ಗ್ರೂಪುಗಳ ಗುಡ್ ಮಾರ್ನಿಂಗ್ ಚಿತ್ರಗಳೇ ಅದಕ್ಕಿಂತ ಹೆಚ್ಚು ಜಾಗ ತಿಂದಿರುತ್ತವೆ.

ಕೊನೆಗೆ ಬರುವ ಆಕ್ಷೇಪ, ಇದು ನನ್ನ ಕೆಲಸವಾ ಅಂತ. ಸಮಿತಿಯವರದ್ದಲ್ಲವಾ? ಅಲ್ಲ. ಸಮಿತಿಯ ಅಧ್ಯಕ್ಷರಿಗೆ ಅಡಿಕೆ ಕೊಯ್ಲಿನ ಚಿಂತೆ, ಕಾರ್ಯದರ್ಶಿಗೆ ರಶೀದಿ ಪುಸ್ತಕದ ಚಿಂತೆ, ಸರ್ವರ್ ಅಂದರೆ ಅವರಿಗೆ ಹೋಟೆಲಿನಲ್ಲಿ ನೀರು ಇಡುವವನು. ಸೈಟು ಬೇಕು ಎಂದು ಅವರನ್ನು ಹುರಿದುಂಬಿಸಿದವರು ನೀವು, ಉದ್ಘಾಟನೆಯ ದಿನ ಶಾಲು ಹೊದೆಸಿಕೊಂಡವರು ನೀವು. ಆ ಶಾಲಿನ ಋಣ ಇನ್ನೂ ತೀರಿಲ್ಲ. ಪ್ರತಿ ಕೊಟ್ಟರೆ ಯಾರಾದರೂ ದುರುಪಯೋಗ ಮಾಡಿಯಾರು ಎನ್ನುವ ಹಿರಿಯರಿಗೆ ಲಕ್ಷ್ಮೀಬಾಯಿಯ ಕಥೆ ಹೇಳಿ. ಸದಸ್ಯರ ಫೋನ್ ನಂಬರು, ದೇಣಿಗೆಯ ಲೆಕ್ಕದಂಥ ಖಾಸಗಿ ವಿಷಯ ಇದ್ದರೆ ಅದನ್ನು ಪಾಸ್‌ವರ್ಡ್ ಹಾಕಿ ಬೇರೆ ಇಡಿ, ಉಳಿದದ್ದನ್ನು ಹಂಚಲು ಹೆದರಬೇಕಾದ್ದಿಲ್ಲ.

ಚೌತಿಗೆ ಊರಿಗೆ ಬರುತ್ತೀರಲ್ಲ, ಶುಕ್ರವಾರ ರಾತ್ರಿಯ ಬಸ್ಸು ಬುಕ್ ಆಗಿರಬೇಕು. ಬರುವಾಗ ಮನೆಗೆ ಸ್ವೀಟ್ ಬಾಕ್ಸ್ ತರುವ ಚೀಲದಲ್ಲಿ ಎರಡು ಹಾರ್ಡ್ ಡಿಸ್ಕ್ ಹಾಕಿಕೊಳ್ಳಿ. ಒಂದು ಸಂಘದ ಕಚೇರಿಗೆ, ಇನ್ನೊಂದು ವಾಪಸ್ ಒಯ್ಯಲಿಕ್ಕೆ. ಡೊಮೇನ್ ಯಾರ ಹೆಸರಲ್ಲಿ ಉಂಟು, ಯಾವ ಇಮೇಲಿಗೆ ಜ್ಞಾಪನೆ ಬರುತ್ತದೆ, ಯಾವ ತಿಂಗಳು ಅವಧಿ ಮುಗಿಯುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಸಂಘದ ನಡಾವಳಿ ಪುಸ್ತಕದ ಒಳಗೆ ಅಂಟಿಸಿ ಬನ್ನಿ. ಪುಸ್ತಕ ಇರುವ ಕಪಾಟಿಗೆ ಗೆದ್ದಲಿನ ಮದ್ದು ಹೊಡೆದಿದ್ದಾರಾ ಅಂತಲೂ ಒಮ್ಮೆ ಕೇಳಿ.